ಬಾಣಂತನದ ಮನೆಯಿಂದ ವಸತಿ ನಿಲಯದವರೆಗೆ: ಎಚ್‌ಐವಿ ಇರುವ ಹಳ್ಳಿ ಮಕ್ಕಳ ಚಿಕಿತ್ಸೆ ಎಲ್ಲಿ ಕಡಿದುಹೋಗುತ್ತಿದೆ?

ಚರ್ಚೆ ಆರಂಭಿಸಿದವರು: ನಿವೃತ್ತ ಆಪ್ತ ಸಮಾಲೋಚಕಿ, ಬಾಗಲಕೋಟೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿಯಾಗಿ ಹಲವು ವರ್ಷ ಕೆಲಸ ಮಾಡಿದವಳು ನಾನು. ನಮ್ಮ ಭಾಗದಲ್ಲಿ ಎಚ್‌ಐವಿಯ ಮಾತು ಈಗ ಬಹಳ ಕಡಿಮೆಯಾಗಿದೆ. ಹೊಸ ಸೋಂಕುಗಳು ಇಳಿದಿರುವುದು ನಿಜ, ಅದಕ್ಕಾಗಿ ದುಡಿದವರಿಗೆಲ್ಲ ಕೃತಜ್ಞತೆ ಸಲ್ಲಬೇಕು. ಆದರೆ ಮಾತು ಕಡಿಮೆಯಾದಂತೆ, ಸೋಂಕಿನೊಂದಿಗೆ ಹುಟ್ಟಿದ ಮಕ್ಕಳು ನಮ್ಮ ಕಣ್ಣಿನಿಂದ ಮರೆಯಾಗುತ್ತಿದ್ದಾರೆ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಆ ಕಾರಣಕ್ಕೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಕೇಂದ್ರ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ (ವೈರಸ್ಸನ್ನು ಹತೋಟಿಯಲ್ಲಿಡುವ ಔಷಧಿಗಳ) ಚಿಕಿತ್ಸೆಯನ್ನು ಆರಂಭಿಸಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆಗ ಮಕ್ಕಳಿಗೆಂದೇ ತಯಾರಾದ ಔಷಧಿ ಕಾರ್ಯಕ್ರಮದಲ್ಲಿ ಇರಲಿಲ್ಲ. ದೊಡ್ಡವರ ಗುಳಿಗೆಯನ್ನು ಮುರಿದು, ಪುಡಿ ಮಾಡಿ, ಅಂದಾಜಿನ ಮೇಲೆ ಕೊಡಬೇಕಾಗಿತ್ತು. 2006ರ ನವೆಂಬರ್ 30ರಂದು ಮಕ್ಕಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲೆ ಮಕ್ಕಳ ಪ್ರಮಾಣದ ಗುಳಿಗೆಗಳು ಸಿಗತೊಡಗಿದವು. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ, ಹಲವು ತಾಲ್ಲೂಕುಗಳಲ್ಲಿ ಅವಕ್ಕೆ ಹೊಂದಿಕೊಂಡ ಲಿಂಕ್ ಎಆರ್‌ಟಿ ಕೇಂದ್ರಗಳಿವೆ, ಔಷಧಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಹೀಗಿದ್ದೂ ಜಗತ್ತಿನ ಲೆಕ್ಕ ಏನು ಹೇಳುತ್ತದೆ ನೋಡಿ: ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಅಂದಾಜಿನಂತೆ 2023ರಲ್ಲಿ ಎಚ್‌ಐವಿ ಇರುವ ವಯಸ್ಕರಲ್ಲಿ ಶೇ 77ರಷ್ಟು ಜನ ಚಿಕಿತ್ಸೆ ಪಡೆಯುತ್ತಿದ್ದರೆ, 14 ವರ್ಷದವರೆಗಿನ ಮಕ್ಕಳಲ್ಲಿ ಆ ಪ್ರಮಾಣ ಶೇ 57 ಮಾತ್ರ. ವೈರಸ್ ಒಂದೇ, ಚಿಕಿತ್ಸೆಯ ತತ್ವವೂ ಒಂದೇ, ಆದರೂ ಮಕ್ಕಳು ಇಷ್ಟು ಹಿಂದೆ ಉಳಿದಿದ್ದಾರೆ.

ನನ್ನ ಅನುಭವದಲ್ಲಿ ಇದಕ್ಕೆ ಮೂಲ ಕಾರಣ ಒಂದೇ. ಮಗು ತಾನಾಗಿ ಆಸ್ಪತ್ರೆಗೆ ಬರಲಾರದು, ಯಾರೋ ಒಬ್ಬರು ಕರೆತರಬೇಕು. ಆ ಒಬ್ಬರು ಸೋಂಕಿನಿಂದ ತಾವೇ ಬಳಲಿದ ತಾಯಿಯಾಗಿರಬಹುದು, ಗಂಡನ ಮನೆಯವರಿಗೆ ಹೆದರುವ ವಿಧವೆಯಾಗಿರಬಹುದು, ಕಣ್ಣು ಮಂಜಾದ ಅಜ್ಜಿಯಾಗಿರಬಹುದು. ನಮ್ಮ ಇಡೀ ವ್ಯವಸ್ಥೆ ರೋಗಿಯೊಬ್ಬನನ್ನು ಎದುರಿಗೆ ಇಟ್ಟುಕೊಂಡು ರೂಪುಗೊಂಡಿದೆ. ಮಗುವಿನ ವಿಷಯದಲ್ಲಿ ಎದುರಿಗಿರಬೇಕಾದದ್ದು ಆ ಮಗುವಿನ ಕೈ ಹಿಡಿದು ಬಂದವರೂ ಹೌದು. ಅವರಿಗೆ ಎಲ್ಲಿ ದಾರಿ ತಪ್ಪುತ್ತದೋ ಅಲ್ಲೇ ಮಗುವಿನ ಚಿಕಿತ್ಸೆಯೂ ತಪ್ಪುತ್ತದೆ. ಆ ಜಾಗಗಳು ಯಾವುವು ಎಂಬುದನ್ನು ನೀವು ನಿಮ್ಮ ನಿಮ್ಮ ಕೆಲಸದ ಅನುಭವದಿಂದ ಬರೆಯಬೇಕೆಂದು ಕೋರುತ್ತೇನೆ. ದಯವಿಟ್ಟು ಯಾವ ಮಗುವಿನ ಹೆಸರು, ಊರು, ಗುರುತನ್ನೂ ಬರೆಯಬೇಡಿ.

ಮಕ್ಕಳ ವೈದ್ಯರು, ಕಲ್ಯಾಣ ಕರ್ನಾಟಕ

ಈ ಚರ್ಚೆಗೆ ಧನ್ಯವಾದ. ಕೆಲವು ಓದುಗರಿಗೆ, ಮಕ್ಕಳ ವಿಷಯದಲ್ಲಿ ಇಷ್ಟೊಂದು ಆತುರ ಯಾಕೆ ಎನ್ನಿಸಬಹುದು. ದೊಡ್ಡವರಲ್ಲಿ ಸೋಂಕು ತಗಲಿದ ಮೇಲೆ ಕಾಯಿಲೆಯ ಹಂತ ತಲುಪಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಹಸುಗೂಸಿಗೆ ಆ ಅವಕಾಶವಿಲ್ಲ. ಗರ್ಭದಲ್ಲಿ ಅಥವಾ ಹೆರಿಗೆಯ ಹೊತ್ತಿನಲ್ಲಿ ಸೋಂಕು ಪಡೆದ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ, ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಮೊದಲ ಹುಟ್ಟುಹಬ್ಬದೊಳಗೆ, ಅರ್ಧದಷ್ಟು ಮಕ್ಕಳು ಎರಡನೆಯ ಹುಟ್ಟುಹಬ್ಬದೊಳಗೆ ತೀರಿಕೊಳ್ಳುತ್ತಾರೆ. ಮೂರರಿಂದ ಆರು ತಿಂಗಳ ನಡುವೆ ಬರುವ ಒಂದು ಬಗೆಯ ನ್ಯುಮೋನಿಯಾ ಅನೇಕ ಕೂಸುಗಳನ್ನು ಒಯ್ಯುತ್ತದೆ. ಮನೆಯವರಿಗೆ ಅದು ಕೆಮ್ಮು, ಕಫ ಎಂದಷ್ಟೇ ತೋರುತ್ತದೆ, ಎಚ್‌ಐವಿಯ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಅದನ್ನು ತಡೆಯುವ ಕೋಟ್ರೈಮೋಕ್ಸಜೋಲ್ ಬಹಳ ಅಗ್ಗದ ಔಷಧಿ. ಆರನೆಯ ವಾರದಿಂದಲೇ ಶುರು ಮಾಡಬೇಕು.

ದಕ್ಷಿಣ ಆಫ್ರಿಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಚೆರ್ ಎಂಬ ಅಧ್ಯಯನ ನಮ್ಮ ವೃತ್ತಿಯವರ ಯೋಚನೆಯನ್ನೇ ಬದಲಿಸಿತು. ಕಾಯಿಲೆಯ ಲಕ್ಷಣ ಕಾಣಿಸಿಕೊಳ್ಳುವವರೆಗೆ ಕಾಯದೆ, ಸುಮಾರು ಏಳು ವಾರದ ವಯಸ್ಸಿನಲ್ಲೇ ಚಿಕಿತ್ಸೆ ಆರಂಭಿಸಿದ ಕೂಸುಗಳಲ್ಲಿ ಸಾವಿನ ಪ್ರಮಾಣ ಶೇ 76ರಷ್ಟು ಕಡಿಮೆಯಾಗಿತ್ತು. ಏಳು ವಾರ ಎಂಬುದನ್ನು ಗಮನಿಸಿ. ಅಷ್ಟರೊಳಗೆ ಪರೀಕ್ಷೆ ಆಗಿರಬೇಕು, ವರದಿ ಬಂದಿರಬೇಕು, ಔಷಧಿ ಕೈಗೆ ಸಿಕ್ಕಿರಬೇಕು.

ಪರೀಕ್ಷೆಯಲ್ಲೂ ಒಂದು ತೊಡಕಿದೆ. ದೊಡ್ಡವರಿಗೆ ಮಾಡುವ ಪರೀಕ್ಷೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುತ್ತದೆ. ತಾಯಿಯ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ, ಆ ಪರೀಕ್ಷೆಯಿಂದ ಕೂಸಿಗೆ ಸೋಂಕಿದೆ ಎಂದು ಖಚಿತವಾಗಿ ಹೇಳಲಾಗದು. ಆದ್ದರಿಂದ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ತೆಗೆದು, ಒಣಗಿಸಿ, ದೂರದ ಪ್ರಯೋಗಾಲಯಕ್ಕೆ ಕಳಿಸಲಾಗುತ್ತದೆ. ನಮ್ಮ ದೇಶದಲ್ಲಿ ಈ ವ್ಯವಸ್ಥೆ 2010ರಲ್ಲಿ ಶುರುವಾಯಿತು. ಮೊದಲ ಪರೀಕ್ಷೆ ಆರು ವಾರಕ್ಕೆ, ನಂತರ ಆರು ತಿಂಗಳು, ಹನ್ನೆರಡು ತಿಂಗಳು, ಕೊನೆಯದು 18 ತಿಂಗಳಿಗೆ. ಎದೆಹಾಲಿನ ಮೂಲಕವೂ ಸೋಂಕು ಹೋಗಬಹುದಾದ್ದರಿಂದ ಮೊದಲ ವರದಿ ನೆಗೆಟಿವ್ ಬಂದಿತೆಂದು ನಿಲ್ಲಿಸುವಂತಿಲ್ಲ.

ನನ್ನ ಹೊರರೋಗಿ ವಿಭಾಗದಲ್ಲಿ ಕಂಡಂತೆ ದಾರಿ ಮೊದಲು ಕಡಿಯುವುದು ಈ ಆರನೆಯ ವಾರದಲ್ಲಿ. ಅದಕ್ಕೆ ಕಾರಣ ನಮ್ಮ ಬಾಣಂತನ. ಗರ್ಭಿಣಿಯ ಹೆಸರು, ತಾಯಿ ಕಾರ್ಡು, ಎಚ್‌ಐವಿ ಪರೀಕ್ಷೆ, ಔಷಧಿ ಎಲ್ಲವೂ ಗಂಡನ ಊರಿನ ತಾಲ್ಲೂಕಿನಲ್ಲಿ ಇರುತ್ತವೆ. ಏಳನೆಯ ತಿಂಗಳು ಕಳೆದು ಸೀಮಂತ ಮುಗಿದ ಮೇಲೆ ಆಕೆ ತವರಿಗೆ ಹೋಗುತ್ತಾಳೆ. ಹೆರಿಗೆ ಬೇರೆ ತಾಲ್ಲೂಕಿನಲ್ಲಿ, ಕೆಲವೊಮ್ಮೆ ಬೇರೆ ಜಿಲ್ಲೆಯಲ್ಲಿ. ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲಿ ಬೆಚ್ಚಗಿನ ಕೋಣೆಯೊಳಗಿದ್ದು ತಿರುಗಿ ಬರುವ ಹೊತ್ತಿಗೆ ಕೂಸಿಗೆ ಆರು ವಾರ ದಾಟಿ ಎಷ್ಟೋ ದಿನಗಳಾಗಿರುತ್ತವೆ. ಈ ನಡುವೆ ಗಂಡನ ಊರಿನ ಆಸ್ಪತ್ರೆಯವರು ಆಕೆ ಅಲ್ಲಿಗೆ ಹೋಗಿದ್ದಾಳೆ ಎಂದು ಸುಮ್ಮನಿರುತ್ತಾರೆ, ತವರಿನ ಆಸ್ಪತ್ರೆಯವರ ದಾಖಲೆಯಲ್ಲಿ ಆಕೆಯೇ ಇರುವುದಿಲ್ಲ. ಬಹಳಷ್ಟು ಹೆಣ್ಣುಮಕ್ಕಳು ತಮ್ಮ ಹೆತ್ತವರಿಗೂ ಸೋಂಕಿನ ವಿಷಯ ಹೇಳಿರುವುದಿಲ್ಲ. ಬಾಣಂತಿಯನ್ನು ಹೊರಗೆ ಕಳಿಸಬಾರದು ಎನ್ನುವ ತಾಯಿಯ ಎದುರು, ಈ ಆರು ವಾರದ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿಸಬೇಕು ಎಂದು ಆಕೆ ಯಾವ ನೆಪ ಹೇಳಬೇಕು?

ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹರಡುವ ಸಾಧ್ಯತೆ ಶೇ 15ರಿಂದ 45. ತಾಯಿ ಸರಿಯಾಗಿ ಔಷಧಿ ತೆಗೆದುಕೊಂಡು, ಕೂಸಿಗೂ ಹುಟ್ಟಿದೊಡನೆ ತಡೆ ಔಷಧಿ ಕೊಟ್ಟರೆ, ಎದೆಹಾಲು ಕುಡಿಸುತ್ತಿದ್ದರೂ ಅದನ್ನು ಶೇ 5ಕ್ಕಿಂತ ಕೆಳಗೆ ಇಳಿಸಬಹುದು. 2014ರಿಂದ ಎಲ್ಲ ಸೋಂಕಿತ ಗರ್ಭಿಣಿಯರಿಗೂ ಜೀವನಪರ್ಯಂತ ಎಆರ್‌ಟಿ ಕೊಡುವ ನೀತಿ ನಮ್ಮಲ್ಲಿದೆ. ಅಂದರೆ ನಾವು ಹುಡುಕಬೇಕಾದ ಕೂಸುಗಳು ಬಹಳ ಕಡಿಮೆ. ಕಡಿಮೆ ಇರುವುದರಿಂದಲೇ ಒಂದೊಂದನ್ನೂ ಹೆಸರು ಹಿಡಿದು ಹಿಂಬಾಲಿಸುವುದು ಸಾಧ್ಯವಿದೆ ಎಂದು ನಾನು ನಂಬಿದ್ದೇನೆ.

ಆಶಾ ಕಾರ್ಯಕರ್ತೆ, ವಿಜಯಪುರ ಜಿಲ್ಲೆ

ವೈದ್ಯರು ಬಾಣಂತನದ ಬಗ್ಗೆ ಬರೆದದ್ದು ಅಕ್ಷರಶಃ ಸತ್ಯ. ನಾವು ಪ್ರತಿ ಬಾಣಂತಿಯ ಮನೆಗೂ ಹೋಗುತ್ತೇವೆ, ಕೂಸಿನ ತೂಕ ನೋಡುತ್ತೇವೆ, ಲಸಿಕೆಯ ದಿನ ನೆನಪಿಸುತ್ತೇವೆ. ಆದರೆ ತಾಯಿಗೆ ಸೋಂಕಿದೆಯೇ ಎಂಬುದನ್ನು ಆಕೆಯ ಒಪ್ಪಿಗೆ ಇಲ್ಲದೆ ನಮಗೆ ಯಾರೂ ಹೇಳುವಂತಿಲ್ಲ, ಹೇಳಬಾರದು ಎಂಬುದನ್ನೂ ನಾನು ಒಪ್ಪುತ್ತೇನೆ. ನಾನು ಅದೇ ಊರಿನ ಸೊಸೆ. ನನಗೆ ಗೊತ್ತಾದರೆ ಊರಿಗೆ ಗೊತ್ತಾಯಿತು ಎಂದು ಆಕೆ ಹೆದರುವುದರಲ್ಲಿ ತಪ್ಪಿಲ್ಲ.

ನನಗೆ ತೋಚುವ ದಾರಿ ಒಂದಿದೆ. ಆರನೆಯ ವಾರಕ್ಕೆ ಎಲ್ಲ ಕೂಸುಗಳಿಗೂ ಪೆಂಟಾವೇಲೆಂಟ್ ಮತ್ತು ಪೋಲಿಯೊ ಲಸಿಕೆ ಇರುತ್ತದೆ. ಅದಕ್ಕೆ ಯಾವ ಅಜ್ಜಿಯೂ ಬೇಡ ಎನ್ನುವುದಿಲ್ಲ. ಲಸಿಕೆಯ ದಿನವೇ, ತವರಿನ ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿ, ಬೇರೆ ಕೋಣೆಯಲ್ಲಿ ಕೂಸಿನ ರಕ್ತದ ಮಾದರಿ ತೆಗೆಯುವ ಏರ್ಪಾಡನ್ನು ಮೊದಲೇ ಮಾಡಿಕೊಂಡರೆ ತಾಯಿ ಹೊಸ ನೆಪ ಹುಡುಕಬೇಕಿಲ್ಲ. ಸೀಮಂತಕ್ಕೆ ಮುಂಚೆ, ನೀನು ತವರಿಗೆ ಯಾವ ಊರಿಗೆ ಹೋಗುತ್ತೀ, ಯಾವಾಗ ಹೋಗುತ್ತೀ ಎಂದು ಆಪ್ತ ಸಮಾಲೋಚಕರು ಕೇಳಿ ಬರೆದಿಟ್ಟುಕೊಂಡು, ಆ ಊರಿನ ಐಸಿಟಿಸಿಯವರಿಗೆ ತಾವೇ ತಿಳಿಸಬೇಕು. ಈ ಪ್ರಶ್ನೆಯನ್ನು ಕೇಳುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಸೋದರಮಾವ, ಬೆಳಗಾವಿ ಜಿಲ್ಲೆ

ನಾನು ಈ ಕ್ಷೇತ್ರದಲ್ಲಿ ಕೆಲಸ ಮಾಡುವವನಲ್ಲ. ನನ್ನ ಅಕ್ಕ, ಭಾವ ಇಬ್ಬರೂ ತೀರಿಕೊಂಡ ಮೇಲೆ ಅವರ ಮಗುವನ್ನು ನನ್ನ ತಾಯಿ ಸಾಕುತ್ತಿದ್ದಾರೆ. ಔಷಧಿ ಉಚಿತ ಎಂಬುದು ನಿಜ. ಆದರೆ ಔಷಧಿ ತರುವ ದಿನ ಉಚಿತವಲ್ಲ. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ತಾಲ್ಲೂಕಿನಲ್ಲಿ ಇಳಿದು, ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ಹೋಗಿ ಸರದಿಯಲ್ಲಿ ನಿಂತು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಆ ದಿನದ ಕೂಲಿ ಹೋಯಿತು, ಮಗುವಿನ ಶಾಲೆಯೂ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಬಸ್ಸಿನ ಖರ್ಚು ಉಳಿಯಿತು, ಅದು ನಮ್ಮಂಥ ಮನೆಗೆ ದೊಡ್ಡ ನೆರವು. ಆದರೆ ಮೊಮ್ಮಗ ಹುಡುಗನಾದ್ದರಿಂದ ಅವನಿಗೆ ಟಿಕೆಟ್ ಬೇಕು. ಸೋಂಕಿತ ಮಕ್ಕಳೊಂದಿಗೆ ಹೋಗುವ ಅಜ್ಜಂದಿರಿಗೂ, ಗಂಡುಮಕ್ಕಳಿಗೂ ಈ ಸೌಲಭ್ಯ ಇದ್ದರೆ ಎಷ್ಟೋ ಜನ ತಪ್ಪದೆ ಹೋಗುತ್ತಾರೆ.

ಇನ್ನೊಂದು ಕಷ್ಟ ಪ್ರಮಾಣದ್ದು. ಮಗು ಬೆಳೆದಂತೆ ಗುಳಿಗೆಯ ಲೆಕ್ಕ ಬದಲಾಗುತ್ತದೆ. ನನ್ನ ತಾಯಿಗೆ ಓದು ಬಾರದು. ಹಿಂದೆ ಒಂದೂವರೆ ಇದ್ದದ್ದು ಈಗ ಎರಡಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಮನೆಗೆ ಬರುವಷ್ಟರಲ್ಲಿ ಗೊಂದಲವಾಗುತ್ತದೆ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ಅವರು ಎರಡನೆಯ ಸಲ ಕೇಳಿದ್ದಕ್ಕೆ ಎಲ್ಲರ ಎದುರು ಗದರಿಸಿದರು. ಅದಾದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಈಗ ನಾನೇ ಡಬ್ಬಿಯ ಮೇಲೆ ಗುಳಿಗೆಯ ಚಿತ್ರ ಬರೆದು, ಬೆಳಿಗ್ಗೆಗೆ ಸೂರ್ಯನನ್ನೂ ರಾತ್ರಿಗೆ ಚಂದ್ರನನ್ನೂ ಬರೆದು ಕೊಡುತ್ತೇನೆ. ಇಂಥ ಚೀಟಿಯನ್ನು ಆಸ್ಪತ್ರೆಯಲ್ಲೇ ಅಂಟಿಸಿ ಕೊಡಲು ಸಾಧ್ಯವಿಲ್ಲವೇ?

ಔಷಧಿ ವಿತರಕರು, ಧಾರವಾಡ ಜಿಲ್ಲೆ

ಸೋದರಮಾವನವರ ಪ್ರಶ್ನೆಗೆ ನನ್ನ ಉತ್ತರ ಹೌದು, ಖಂಡಿತ ಸಾಧ್ಯ. ಆ ಕೆಲಸ ನಮ್ಮದೇ. ಮಗು ಬಂದಾಗಲೆಲ್ಲ ತೂಕ ನೋಡಿ, ಹೊಸ ಪ್ರಮಾಣವನ್ನು ಗುಳಿಗೆಯನ್ನೇ ಕೈಯಲ್ಲಿಟ್ಟು ತೋರಿಸಿ, ಮನೆಯವರಿಂದ ಮರಳಿ ಹೇಳಿಸಿಕೊಂಡು ಕಳಿಸಬೇಕು.

ಮಕ್ಕಳ ಔಷಧಿಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬರೆಯಬೇಕೆನಿಸುತ್ತದೆ, ಏಕೆಂದರೆ ಹಳ್ಳಿಯ ಮನೆಗೆ ಯಾವ ಔಷಧಿ ಹೊಂದುತ್ತದೆ ಎಂಬುದನ್ನು ಬಹಳ ಕಾಲ ಯಾರೂ ಯೋಚಿಸಲಿಲ್ಲ. ಚಿಕ್ಕ ಮಕ್ಕಳಿಗೆ ವರ್ಷಗಟ್ಟಲೆ ಕೊಟ್ಟ ಲೋಪಿನಾವಿರ್–ರಿಟೋನಾವಿರ್ ಸಿರಪ್ಪು ಅತ್ಯಂತ ಕಹಿ. ಅದರಲ್ಲಿ ಶೇ 42ರಷ್ಟು ಆಲ್ಕೊಹಾಲ್ ಇತ್ತು. ತಣ್ಣಗೆ ಇಡಬೇಕಾಗಿತ್ತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಹಳ್ಳಿಗಳಲ್ಲಿ ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕಿತ್ತು? ಕೂಸು ಉಗುಳಿದರೆ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. 2017ರ ಆರಂಭದಲ್ಲಿ ಈ ಸಿರಪ್ಪೂ ದೇಶದಲ್ಲಿ ಸಿಗದಂತಾಯಿತು, ಎಚ್‌ಐವಿ ಇರುವ ಮಕ್ಕಳೇ ಪ್ರಧಾನಿಯವರಿಗೆ ಪತ್ರ ಬರೆದರು. ಮಕ್ಕಳ ಸಂಖ್ಯೆ ಕಡಿಮೆ, ಆದ್ದರಿಂದ ಮಾರುಕಟ್ಟೆ ಚಿಕ್ಕದು, ಆದ್ದರಿಂದ ತಯಾರಿಸುವವರೂ ವಿರಳ. ಈ ಕೊಂಡಿ ಎಂದಾದರೂ ಮತ್ತೆ ಸಡಿಲವಾಗಬಹುದು ಎಂಬ ಎಚ್ಚರ ನಮಗಿರಬೇಕು.

ದೊಡ್ಡ ಬದಲಾವಣೆ ಬಂದದ್ದು ಡೋಲುಟೆಗ್ರಾವಿರ್ ಎಂಬ ಔಷಧಿಯಿಂದ. 2020ರ ಕೊನೆಯಲ್ಲಿ ಮಕ್ಕಳಿಗೆಂದೇ 10 ಮಿಲಿಗ್ರಾಂನ, ನೀರಿನಲ್ಲಿ ಕರಗುವ, ಹಣ್ಣಿನ ರುಚಿಯ ಗುಳಿಗೆಗೆ ಮಾನ್ಯತೆ ಸಿಕ್ಕಿತು. ನಾಲ್ಕು ವಾರ ತುಂಬಿ ಮೂರು ಕಿಲೋ ತೂಕವಿರುವ ಕೂಸಿಗೂ ಅದನ್ನು ಕೊಡಬಹುದು. ಅದರ ಬೆಲೆಯನ್ನು ಬಹಳಷ್ಟು ಇಳಿಸಲು ಒಪ್ಪಂದವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ತೂಕದ ಪಟ್ಟಿಯಂತೆ 3ರಿಂದ 6 ಕಿಲೋದೊಳಗಿನ ಕೂಸಿಗೆ ಅರ್ಧ ಗುಳಿಗೆ, 6ರಿಂದ 10ರೊಳಗೆ ಒಂದೂವರೆ, 10ರಿಂದ 14ರೊಳಗೆ ಎರಡು, 14ರಿಂದ 20ರೊಳಗೆ ಎರಡೂವರೆ. ಇಪ್ಪತ್ತು ಕಿಲೋ ತುಂಬಿದರೆ ದೊಡ್ಡವರ 50 ಮಿಲಿಗ್ರಾಂ ಗುಳಿಗೆಯೇ ಸಾಕು. ಇದರ ಜೊತೆಗೆ ಬೇರೆ ಎರಡು ಔಷಧಿಗಳು ಇದ್ದೇ ಇರುತ್ತವೆ. ಮೂವತ್ತು ಕಿಲೋ ದಾಟಿದ ಮೇಲೆ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಮ್ಮೆ. ಫ್ರಿಜ್ ಬೇಡ, ಊಟದ ಮುಂಚೆಯೋ ನಂತರವೋ ಎಂಬ ಲೆಕ್ಕವೂ ಬೇಡ. ಆದರೆ ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವ ಮಗುವಿಗೆ ಡೋಲುಟೆಗ್ರಾವಿರನ್ನು ದಿನಕ್ಕೆ ಎರಡು ಸಲ ಕೊಡಬೇಕು. ಈ ಎರಡೂ ಔಷಧಿಗಳು ಬೇರೆ ಬೇರೆ ಕಿಟಕಿಯಲ್ಲಿ ಸಿಗುವುದರಿಂದ ಮನೆಯವರು ಎರಡೂ ಕಡೆ ಮರೆಯದೆ ತಿಳಿಸಬೇಕು.

ಅಂಗನವಾಡಿ ಮೇಲ್ವಿಚಾರಕಿ

ಒಂದು ಪ್ರಶ್ನೆ. ಕೊರೊನಾ ಲಾಕ್‌ಡೌನ್ ಸಮಯದಲ್ಲಿ ಮೂರು ತಿಂಗಳ ಔಷಧಿಯನ್ನು ಒಟ್ಟಿಗೆ ಕೊಟ್ಟಿದ್ದರು, ಕೆಲವರ ಮನೆಗೂ ತಲುಪಿಸಿದ್ದರು. ಮಕ್ಕಳಿಗೆ ಅದನ್ನೇ ಮುಂದುವರಿಸಬಹುದಲ್ಲವೇ?

ಮಕ್ಕಳ ವೈದ್ಯರು, ಕಲ್ಯಾಣ ಕರ್ನಾಟಕ

ಎರಡು ವರ್ಷ ದಾಟಿದ, ಆರೋಗ್ಯ ಸ್ಥಿರವಾಗಿರುವ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಹತೋಟಿಯಲ್ಲಿರುವ ಮಕ್ಕಳಿಗೆ ಕೆಲವು ತಿಂಗಳ ಔಷಧಿ ಒಟ್ಟಿಗೆ ಕೊಡುವುದಕ್ಕೆ ವೈದ್ಯಕೀಯವಾಗಿ ಅಡ್ಡಿಯಿಲ್ಲ. ಪುಟ್ಟ ಕೂಸುಗಳ ತೂಕ ಬೇಗ ಬೇಗ ಏರುವುದರಿಂದ ಅವರನ್ನು ಪದೇ ಪದೇ ನೋಡಲೇಬೇಕು. ದೊಡ್ಡ ಮಕ್ಕಳ ಭೇಟಿಯನ್ನು ಶಾಲೆಯ ರಜೆಗೆ ಹೊಂದಿಸಿಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ತಾಯಿಗೂ ಮಗುವಿಗೂ ಒಂದೇ ದಿನ, ಒಂದೇ ಕಡೆ ಔಷಧಿ ಕೊಡಬೇಕು ಎಂಬುದನ್ನೂ ಸೇರಿಸುತ್ತೇನೆ. ತಾಯಿಗೆ ಒಂದು ದಿನ, ಮಗುವಿಗೆ ಇನ್ನೊಂದು ದಿನ ಎಂದಾದರೆ ಆಕೆ ಮಗುವಿನ ದಿನಕ್ಕೆ ಬಂದು ತನ್ನದನ್ನು ಬಿಡುತ್ತಾಳೆ. ಆಕೆ ಹಾಸಿಗೆ ಹಿಡಿದ ಮೇಲೆ ಮಗುವಿನದೂ ನಿಲ್ಲುತ್ತದೆ.

ಶಿಕ್ಷಕರು, ಕೊಪ್ಪಳ ಜಿಲ್ಲೆ

ವಸತಿ ಶಾಲೆಯಲ್ಲಿ ಪಾಠ ಮಾಡುವವನಾಗಿ ಬರೆಯುತ್ತಿದ್ದೇನೆ. ತಂದೆತಾಯಿ ಇಲ್ಲದ ಮಕ್ಕಳಿಗೆ ಸರ್ಕಾರಿ ವಸತಿ ನಿಲಯ ಊಟ, ಓದು ಎರಡನ್ನೂ ಕೊಡುತ್ತದೆ. ಆದರೆ ಸೋಂಕಿತ ಮಗುವಿಗೆ ಅಲ್ಲಿ ಗುಳಿಗೆ ನುಂಗಲು ಮರೆ ಇರುವುದಿಲ್ಲ. ನಲವತ್ತು ಮಕ್ಕಳು ಮಲಗುವ ಹಾಲಿನಲ್ಲಿ ದಿನವೂ ಒಂದೇ ಹೊತ್ತಿಗೆ ಒಬ್ಬ ಹುಡುಗ ಪೆಟ್ಟಿಗೆ ತೆರೆದು ಏನೋ ನುಂಗಿದರೆ ಉಳಿದವರು ಕೇಳಿಯೇ ಕೇಳುತ್ತಾರೆ. ಕೆಲವರು ಮೈಗ್ರೇನಿಗೆ, ಕೆಲವರು ರಕ್ತ ಕಡಿಮೆ ಇರುವುದಕ್ಕೆ ಎನ್ನುತ್ತಾರೆ. ಕೆಲವರು ಎಸೆದುಬಿಡುತ್ತಾರೆ.

ಪಾಲಕರು ಒಪ್ಪಿ ತಿಳಿಸಿದರೆ, ವಾರ್ಡನ್ ಒಬ್ಬರಿಗೆ ಮಾತ್ರ ವಿಷಯ ಗೊತ್ತಿದ್ದು, ಕಬ್ಬಿಣಾಂಶದ ಗುಳಿಗೆ ಇರಲಿ, ಜಂತುಹುಳುವಿನ ಗುಳಿಗೆ ಇರಲಿ, ನೆಗಡಿಯದಿರಲಿ, ಎಲ್ಲ ಮಕ್ಕಳ ಔಷಧಿಯನ್ನೂ ಕಚೇರಿಯಲ್ಲೇ ಇಟ್ಟು ಒಬ್ಬೊಬ್ಬರನ್ನೇ ಕರೆದು ಕೊಡುವ ಪದ್ಧತಿ ಮಾಡಿಕೊಂಡರೆ ಯಾರೂ ಬೇರೆಯಾಗಿ ಕಾಣುವುದಿಲ್ಲ. ದೊಡ್ಡ ಮಕ್ಕಳಿಗೆ ದಿನಕ್ಕೆ ಒಂದೇ ಗುಳಿಗೆ ಆಗಿರುವುದರಿಂದ ಇದು ಈಗ ಇನ್ನಷ್ಟು ಸುಲಭ. ಪ್ರವೇಶದ ವೇಳೆ ಎಚ್‌ಐವಿ ಪರೀಕ್ಷೆಯ ವರದಿ ಕೇಳುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ವಕೀಲರು, ಕಲಬುರಗಿ

ಶಿಕ್ಷಕರ ಕೊನೆಯ ಮಾತು ಈಗ ಕಾನೂನೇ ಆಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆಯ ಪ್ರವೇಶಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಕೇಳುವಂತಿಲ್ಲ, ಸೋಂಕಿನ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಬಹಿರಂಗ ಮಾಡುವಂತಿಲ್ಲ. ದೂರು ಕೇಳಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್ ನೇಮಿಸಬೇಕು ಎಂದೂ ಅದು ಹೇಳುತ್ತದೆ.

ಈ ಕಾಯ್ದೆಯಲ್ಲಿ ಹಳ್ಳಿಯವರಿಗೆ ಬಹಳ ಉಪಯೋಗವಾಗುವ, ಆದರೆ ಬಹುತೇಕ ಅಧಿಕಾರಿಗಳಿಗೇ ಪರಿಚಯವಿಲ್ಲದ ಒಂದು ನಿಯಮವಿದೆ. ತಂದೆತಾಯಿ ತೀರಿಕೊಂಡು ಅಥವಾ ಹಾಸಿಗೆ ಹಿಡಿದು, ಮನೆಯ ಹೊಣೆ ಹೊತ್ತ ಅಕ್ಕನಿಗೋ ಅಣ್ಣನಿಗೋ ಹನ್ನೆರಡು ವರ್ಷ ತುಂಬಿದ್ದು, ಅರಿತು ನಿರ್ಧರಿಸುವ ಪ್ರೌಢತೆ ಇದ್ದರೆ, ಆ ಹುಡುಗ ಅಥವಾ ಹುಡುಗಿಗೆ ಹದಿನೆಂಟು ತುಂಬದಿದ್ದರೂ ತಮ್ಮ ತಂಗಿಯರ ಪಾಲಕರಾಗಿ ಶಾಲೆಗೆ ಸೇರಿಸಲು, ಚಿಕಿತ್ಸೆ ಕೊಡಿಸಲು, ಬ್ಯಾಂಕ್ ಖಾತೆ ನಡೆಸಲು ಅಧಿಕಾರವಿದೆ. ಹದಿನೈದರ ಅಕ್ಕ ಎಂಟರ ತಮ್ಮನನ್ನು ಕರೆದುಕೊಂಡು ಬಂದರೆ, ದೊಡ್ಡವರನ್ನು ಕರೆದು ತಾ ಎಂದು ಅಟ್ಟುವುದು ಈ ಕಾಯ್ದೆಯ ಆಶಯಕ್ಕೆ ವಿರುದ್ಧ. ಸೋಂಕಿತ ಮಕ್ಕಳ ಆಸ್ತಿಯನ್ನು ಕಾಪಾಡುವ ಹೊಣೆಯನ್ನೂ ಕಾಯ್ದೆ ಸರ್ಕಾರದ ಮೇಲೆ ಹಾಕಿದೆ. ದಾಯಾದಿಗಳು ಹೊಲವನ್ನು ಉಳುಮೆ ಮಾಡಿಕೊಂಡು ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿದ ಪ್ರಕರಣಗಳನ್ನು ಕಂಡವನಾಗಿ ಹೇಳುತ್ತೇನೆ, ಆಸ್ತಿಯ ಪ್ರಶ್ನೆಯೂ ಚಿಕಿತ್ಸೆಯ ಪ್ರಶ್ನೆಯೇ. ಬಸ್ಸಿಗೆ ದುಡ್ಡು ಬರುವುದು ಅದೇ ಹೊಲದಿಂದ.

ಚಿಕಿತ್ಸೆಯೊಂದಿಗೆ ಬೆಳೆದ ಯುವತಿ

ಮೇಲಿನ ಬರಹಗಳನ್ನೆಲ್ಲ ಓದಿದೆ. ಎಲ್ಲರೂ ಮಗುವಿನ ಪರವಾಗಿ ಮಾತನಾಡುತ್ತಿದ್ದೀರಿ, ಅದಕ್ಕೆ ಧನ್ಯವಾದ. ಆದರೆ ಮಗುವಿನೊಂದಿಗೆ ಮಾತನಾಡುವುದರ ಬಗ್ಗೆ ಯಾರೂ ಬರೆದಿಲ್ಲ.

ನಾನು ಹುಟ್ಟಿನಿಂದ ಸೋಂಕಿತೆ. ಬಾಲ್ಯದುದ್ದಕ್ಕೂ ಗುಳಿಗೆ ನುಂಗಿದೆ, ಯಾಕೆಂದು ನನಗೆ ಯಾರೂ ಹೇಳಲಿಲ್ಲ. ಶಕ್ತಿಗೆ ಎಂದರು. ನನಗೆ ಶಕ್ತಿ ಚೆನ್ನಾಗಿಯೇ ಇತ್ತು, ಓಟದಲ್ಲಿ ಬಹುಮಾನ ಬರುತ್ತಿತ್ತು. ಹಾಗಾದರೆ ಇನ್ನು ಬೇಡ ಎಂದು ನಾನೇ ತೀರ್ಮಾನಿಸಿ ಗುಳಿಗೆಗಳನ್ನು ಹಿತ್ತಲಲ್ಲಿ ಹೂಳತೊಡಗಿದೆ. ಹುಷಾರು ತಪ್ಪಿದ ಮೇಲೆ, ಆಸ್ಪತ್ರೆಯ ಗೋಡೆಯ ಮೇಲಿನ ಫಲಕ ಓದಿ ನನಗೇ ವಿಷಯ ತಿಳಿಯಿತು. ಅಮ್ಮ ಸುಳ್ಳು ಹೇಳಿದ್ದಳು ಎಂಬ ಸಿಟ್ಟು ಸೋಂಕಿಗಿಂತ ಹೆಚ್ಚು ಕಾಲ ನನ್ನನ್ನು ಕಾಡಿತು. ಆರರಿಂದ ಹನ್ನೆರಡರ ವಯಸ್ಸಿನೊಳಗೆ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ಹಂತ ಹಂತವಾಗಿ ಹೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಎಂದು ನಂತರ ಓದಿ ತಿಳಿದೆ. ನಮ್ಮಲ್ಲಿ ಹೇಳಬೇಕಾದವರಿಗೇ ಹೇಗೆ ಹೇಳಬೇಕೆಂಬುದನ್ನು ಯಾರೂ ಕಲಿಸುವುದಿಲ್ಲ. ತನ್ನಿಂದ ಮಗುವಿಗೆ ಬಂತು ಎಂಬ ಅಪರಾಧ ಭಾವದಲ್ಲಿ ಬೇಯುವ ತಾಯಿ ಒಬ್ಬಳೇ ಕುಳಿತು ಆ ಮಾತನ್ನು ಆಡಲಾರಳು. ಪಕ್ಕದಲ್ಲಿ ಆಪ್ತ ಸಮಾಲೋಚಕರು ಇರಬೇಕು.

ಇನ್ನೊಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಮನೆಗೆ ಔಷಧಿ ತಲುಪಿಸುವ ಮಾತು ಬಂದಿದೆ. ದಯವಿಟ್ಟು ಎಲ್ಲರ ಮನೆಗೂ ಬರಬೇಡಿ. ನಮ್ಮ ಓಣಿಯಲ್ಲಿ ಆಸ್ಪತ್ರೆಯವರ ಬೈಕು ನಿಂತರೆ ಸಂಜೆಯೊಳಗೆ ನೂರು ಕಥೆ ಹುಟ್ಟುತ್ತವೆ. ನಾನು ಬೇಕೆಂದೇ ನಮ್ಮ ಊರಿಗೆ ದೂರದ ಕೇಂದ್ರವನ್ನು ಆರಿಸಿಕೊಂಡಿದ್ದೇನೆ.

ಆಶಾ ಕಾರ್ಯಕರ್ತೆ, ವಿಜಯಪುರ ಜಿಲ್ಲೆ

ತಂಗಿ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಡೆಯಲಾಗದ ಅಜ್ಜಿಯೂ ಇದ್ದಾರೆ, ಬಸ್ಸೇ ಇಲ್ಲದ ದೊಡ್ಡಿಗಳೂ ಇವೆ. ಅವರಿಗೆ ಹತ್ತಿರ ಬೇಕು.

ನಿವೃತ್ತ ಆಪ್ತ ಸಮಾಲೋಚಕಿ, ಬಾಗಲಕೋಟೆ ಜಿಲ್ಲೆ

ಇಬ್ಬರ ಮಾತಿನಲ್ಲೂ ವಿರೋಧವಿಲ್ಲ ಎಂದು ನನಗೆ ತೋರುತ್ತದೆ. ಮನೆಗೋ, ತಾಲ್ಲೂಕಿಗೋ, ದೂರದ ಜಿಲ್ಲೆಗೋ ಎಂಬುದನ್ನು ಕುಟುಂಬವೇ ಆರಿಸಿಕೊಳ್ಳಬೇಕು, ಆಯ್ಕೆ ಬದಲಾದಾಗ ಕಾಗದಪತ್ರದ ಹೆಸರಿನಲ್ಲಿ ಅಲೆದಾಡಿಸಬಾರದು. ಸೋಂಕಿತರ ಜಿಲ್ಲಾ ಜಾಲಗಳ ಕಾರ್ಯಕರ್ತರು ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾನೂ ಅದೇ ಗುಳಿಗೆ ನುಂಗುವ ಹೆಣ್ಣುಮಗಳೊಬ್ಬಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಹೇಳುವ ಮಾತನ್ನು ಕೇಳುವಂತೆ ನಮ್ಮ ಮೇಜಿನ ಮಾತನ್ನು ಜನ ಕೇಳುವುದಿಲ್ಲ. ಅವರಿಗೆ ಗೌರವಧನ ನಿಯಮಿತವಾಗಿ ಸಿಗಬೇಕು. ಯೋಜನೆಯೊಂದು ಮುಗಿದೊಡನೆ ಅವರನ್ನು ಕೈಬಿಟ್ಟು, ಇನ್ನೊಂದು ಯೋಜನೆ ಬಂದಾಗ ಮತ್ತೆ ಹುಡುಕುವ ಪದ್ಧತಿಯಿಂದ ಎಷ್ಟು ಮಕ್ಕಳ ಜಾಡು ತಪ್ಪಿದೆಯೋ ಲೆಕ್ಕವಿಲ್ಲ.

ಬಾಣಂತನದ ಬಗ್ಗೆ ಇಲ್ಲಿ ಬಂದ ಸಲಹೆಯನ್ನು ನಮ್ಮ ಜಿಲ್ಲೆಯ ಅಧಿಕಾರಿಗಳ ಮುಂದೆ ಲಿಖಿತವಾಗಿ ಇಡುತ್ತೇನೆ: ಪ್ರತಿ ಸೋಂಕಿತ ಗರ್ಭಿಣಿಯ ಕಡತದಲ್ಲಿ ತವರಿನ ಊರು, ಹೋಗುವ ತಿಂಗಳು, ಅಲ್ಲಿನ ಐಸಿಟಿಸಿಯ ಹೆಸರು, ಕೂಸಿಗೆ ಆರು ವಾರ ತುಂಬುವ ದಿನಾಂಕ. ಜೊತೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಇಂಥ ಮಕ್ಕಳಿಗೆಂದೇ ಇರುವ ವಿಶೇಷ ಪಾಲನಾ ಯೋಜನೆಯ ನೆರವಿಗೆ ಅರ್ಜಿ ಹಾಕಿಸುವ ಕೆಲಸವನ್ನು ಎಆರ್‌ಟಿ ಕೇಂದ್ರದಲ್ಲೇ ಮುಗಿಸಿಕೊಡಬೇಕೆಂದೂ ಕೇಳುತ್ತೇನೆ. ಅಜ್ಜಿಯರನ್ನು ಇನ್ನೊಂದು ಕಚೇರಿಗೆ ಕಳಿಸಬಾರದು.

ಕಬ್ಬು ಕಟಾವಿಗೆ ಹೋಗುವ ಕುಟುಂಬದ ಪರವಾಗಿ ಕೇಳುತ್ತಿರುವವರು

ನಮ್ಮ ಓಣಿಯ ಒಂದು ಕುಟುಂಬ ದೀಪಾವಳಿ ಮುಗಿದೊಡನೆ ಕಬ್ಬು ಕಡಿಯಲು ಸಾಂಗ್ಲಿ ಕಡೆಗೆ ಹೋಗುತ್ತದೆ, ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಅವರ ಮಗು ಔಷಧಿ ತೆಗೆದುಕೊಳ್ಳುತ್ತಿದೆ. ಅಷ್ಟು ದಿನಕ್ಕೆ ಸಾಕಾಗುವಷ್ಟು ಇಲ್ಲಿ ಕೊಡುವುದಿಲ್ಲ ಎನ್ನುತ್ತಾರೆ. ಹಿಂದಿನ ಸಲ ನಡುವೆ ಮುಗಿದು ಹಾಗೆಯೇ ಬಿಟ್ಟಿದ್ದರಂತೆ. ಏನು ಮಾಡಬೇಕು?

ಔಷಧಿ ವಿತರಕರು, ಧಾರವಾಡ ಜಿಲ್ಲೆ

ಹೊರಡುವ ಮುಂಚೆ ತಮ್ಮ ಎಆರ್‌ಟಿ ಕೇಂದ್ರಕ್ಕೆ ಹೋಗಿ, ಯಾವ ಊರಿಗೆ, ಎಷ್ಟು ತಿಂಗಳಿಗೆ ಹೋಗುತ್ತಿದ್ದೇವೆ ಎಂದು ಸ್ಪಷ್ಟವಾಗಿ ಹೇಳಲಿ. ಚಿಕಿತ್ಸೆಯ ವಿವರ ಬರೆದಿಡುವ ಮಗುವಿನ ಹಸಿರು ಪುಸ್ತಕವನ್ನು ತಪ್ಪದೆ ಜೊತೆಗೆ ಒಯ್ಯಲಿ, ಅದರಲ್ಲಿ ಇತ್ತೀಚಿನ ತೂಕ ಮತ್ತು ಗುಳಿಗೆಯ ಪ್ರಮಾಣವನ್ನು ಬರೆಸಿಕೊಳ್ಳಲಿ, ಅದರ ಫೋಟೊವನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಆ ಪುಸ್ತಕ ತೋರಿಸಿದರೆ ಪ್ರಯಾಣದಲ್ಲಿರುವ ರೋಗಿಗೆ ಮಹಾರಾಷ್ಟ್ರದ ಎಆರ್‌ಟಿ ಕೇಂದ್ರದಲ್ಲೂ ಔಷಧಿ ಕೊಡುವ ಏರ್ಪಾಡು ಇದೆ. ಅಲ್ಲೇ ಬಹುಕಾಲ ಉಳಿಯುವುದಾದರೆ ವರ್ಗಾವಣೆ ಮಾಡಿಸಿಕೊಳ್ಳಬಹುದು. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಲಿ, ಅದಕ್ಕೆ ಹಣ ತಗಲುವುದಿಲ್ಲ. ಹಿಂದಿನ ಸಲ ನಡುವೆ ಬಿಟ್ಟದ್ದನ್ನು ಮುಚ್ಚಿಡದೆ ಕೇಂದ್ರದಲ್ಲಿ ಹೇಳಿ, ಹೊರಡುವ ಮುಂಚೆಯೇ ಮಗುವಿನ ವೈರಲ್ ಲೋಡ್ ಪರೀಕ್ಷೆ ಮಾಡಿಸಲಿ.